ಲಗೂನ ಬಂದ ಉತ್ತರ

ನನ್ನ ಸರ್ರ,

ಪತ್ರ ಅಂದ್ರ ಮೊದಲ 'ಎಲ್ಲಾರೂ ಆರಾಮ ಅದೇವಿ' ಅಂತ ಬರೀಬೇಕು. ಹಂಗ ಸುಳ್ಳ ಬರಿಯಾಕ ನನ್ನ ಕೈ ಏಳವಲ್ದು, ಅದಕ್ಕ ನೇರ ವಿಷಯಕ್ಕ ಬರ್ತೇನಿ. ದೇವಣಗಾಂವದ ಸಿದ್ದಣ್ಣನ ಮಗಳು ಸಾವಿತ್ರಿ ನೆನಪದಾಳೇನ್ರಿ? ಊರ ಹೊರಗ, ಹೊಳಿ ಕಡೆ ವಸ್ತಿ ಮ್ಯಾಲ ಅವರ ಮನಿ. ಅವರ ಮಾಳಿಗಿ ಮ್ಯಾಲ ನಾವು ಮಂದಿ ಫೋನಿಗೆ ಬೇಕಾದ ವಿಷಯ ಕೊಡೂ ಡಬ್ಬಿ ಕುಂದರಸಿದ ದಿವಸ ನಿಮಗ ಮಜ್ಜಿಗಿ ತಂದ ಕೊಟ್ಟು, "ಉಪ್ಪು ಸಾಕೇನ್ರಿ ಸರ್" ಅಂತ ಕೇಳಿದಾಕಿ. ನೀವು ಮಣ್ಣಾಗಿ ಇನ್ನ ನಿಮ್ಮ ಮನಿಗಿ ಮಂದಿ ಬರೂದ ನಿಂತಿರಲಿಲ್ಲ, ಅಷ್ಟೊತ್ತಿಗೆ ಆಕಿ ಲಗ್ನದ ಮಾತು ಮುರದು ಬಿತ್ತು. ಅದನ್ನ ಮುರದದ್ದು ನಮ್ಮ ಡಬ್ಬಿ.

ಮೋರಟಗ್ಯಾಗ ಮೊದಲನೇ ಡಬ್ಬಿ ಹಾಕಿದ ದಿವಸ ನೀವು ಪಂಚಾಯ್ತಿ ಕಟ್ಟಿ ಮ್ಯಾಲ ನಿಂತು ಮಂದಿಗೆ ತಿಳಿಸಿ ಹೇಳಿದ್ದು ನನಗ ಇನ್ನೂ ಕಿವ್ಯಾಗೈತಿ. "ಇಷ್ಟ ದಿವಸ ನಿಮ್ಮ ಫೋನು ಎಲ್ಲೋ ದೂರದಾಗಿನ ಒಂದು ಮನಿ ಹುಡಿಕ್ಕೊಂಡು ಹೋಗಿ ಬಾಗಿಲಾ ಬಡೀತಿತ್ತು. ಇನ್ನ ಮ್ಯಾಲ ಮನಿ ವಿಳಾಸ ಬ್ಯಾಡ, ಬೇಕಾದ ವಿಷಯದ ಹೆಸರ ಹೇಳಿದ್ರ ಸಾಕು. ತೊಗರಿ ಹುಳಕ್ಕ ಔಷಧ ಅನ್ರಿ, ಕೂಸಿನ ಚುಚ್ಚುಮದ್ದು ಅನ್ರಿ, ಯಾವ ಡಬ್ಬಿ ಹತ್ತಿರ ಐತೋ ಅದ ಕೊಡ್ತೈತಿ. ಒಮ್ಮೆ ಒಬ್ಬರು ಕೇಳಿದ್ರ ಅದರ ಒಂದು ಪ್ರತಿ ಡಬ್ಬ್ಯಾಗ ಉಳೀತೈತಿ, ಮುಂದಿನವರಿಗೆ ಕಣ್ಣ ಪಿಳುಕಿಸೂದ್ರಾಗ ಸಿಗ್ತೈತಿ." ಆವಾಗ ಮುಂದ ಕುಂತಿದ್ದ ಒಬ್ಬಾಕಿ ಮುದುಕಿ, "ಅಂದ್ರ ಬಾಜೂ ಮನ್ಯಾಗ ಹೆಪ್ಪು ಇಸ್ಕೊಂಡಂಗಲಾ, ದೂರದ ಬೀಗರ ಊರಿಗಿ ಯಾಕ ಹೋಗೂದು" ಅಂದ್ಲು. ನೀವು ಎಷ್ಟ ಖುಷಿ ಆದ್ರಿ. ಅವತ್ತಿಂದ ಇಂಡಿ ಇರ್ಲಿ, ಬಾಗೇವಾಡಿ ಇರ್ಲಿ, ಎಲ್ಲಿ ಹೋದ್ರೂ ಅದ ಹೆಪ್ಪಿನ ಮಾತ ಹೇಳ್ತಿದ್ರಿ, ನಾನು ಹಿಂದ ನಿಂತು ಕೇಳಿ ಕೇಳಿ ಬ್ಯಾಸರ ಮಾಡ್ಕೋತಿದ್ನಿ. ಈಗ ಒಮ್ಮೆ ಕೇಳ್ಬೇಕನಸ್ತೈತಿ.

ಹೆಪ್ಪಿನಾಗ ಯಾರರ ಏನರ ಕಲಸಿದ್ರ ಹ್ಯಾಂಗ ಅಂತ ಒಬ್ಬ ಮಾಸ್ತರ ಕೇಳಿದ್ದ, ನೆನಪೈತಿಲ್ರಿ? ಒಂದೊಂದ ವಿಷಯದ ಮ್ಯಾಲೂ ಅದನ್ನ ಮಾಡಿದವರ ಮುದ್ರಿ ಇರ್ತೈತಿ, ಒಂದಕ್ಷರ ತಿದ್ದಿದ್ರೂ ಮುದ್ರಿ ಒಡೀತೈತಿ, ಫೋನು ತೆರಿಯೂದ ಇಲ್ಲ ಅಂದ್ರಿ. "ಯಾರ ತಂದ ಕೊಟ್ರು ಅನ್ನೂದಲ್ಲ, ಯಾರ ಮಾಡಿದ್ರು ಅನ್ನೂದು ನೋಡ್ರಿ." ಆಮ್ಯಾಲ ಒಬ್ಬ ಸಾಹೇಬ ಬಂದು, ಯಾರ ಯಾರ ಏನ ಏನ ಕೇಳ್ತಾರ ಅನ್ನೂದು ಡಬ್ಬಿ ಬರದ ಇಡಬೇಕು ಅಂದಾಗ ನೀವು ಆ ಮನಷ್ಯಾನ ಮುಂದ ಕುಡಿಯೂ ಚಹಾ ಕೆಳಗಿಟ್ಟ ಎದ್ದ ಬಂದ್ರಿ. "ಕೇಳಿದವರ ಹೆಸರ ನನ್ನ ಡಬ್ಬಿಗಿ ಗೊತ್ತ ಇರೂದಿಲ್ಲ, ಗೊತ್ತ ಇರಬಾರದು" ಅಂತ ದಾರಿ ತುಂಬ ವಟಗುಟ್ಟಿದ್ರಿ. ಅವತ್ತ ನನಗ ನಿಮ್ಮ ಮ್ಯಾಲ ಎಷ್ಟ ಅಭಿಮಾನ ಬಂತು ಅಂದ್ರ, ಅದನ್ನ ನಿಮ್ಮ ಮುಂದ ಹೇಳಾಕ ನಾಚಿಕಿ ಆಗಿ, ಸ್ಕೂಟರಿನ ಗಾಳಿ ಕಮ್ಮಿ ಆಗೇತಿ ಅಂತ ಏನೋ ಮಾತ ಬದಲಿಸಿದ್ನಿ.

ಆದ್ರ ಒಂದು ತೂತೈತಿ ಅಂತ ನಿಮಗ ಗೊತ್ತಿತ್ತು. ಕಾಲೇಜಿನ್ಯಾಗ ಇದ ಪಾಠ ಮಾಡೂವಾಗ ನೀವ ಹೇಳಿದ್ರಿ: ಉತ್ತರ ಲಗೂ ಬಂತಂದ್ರ ಈ ಹತ್ತಿರದಾಗ ಯಾರೋ ಮೊದಲ ಕೇಳ್ಯಾರ, ತಡಾ ಆತಂದ್ರ ಯಾರೂ ಕೇಳಿಲ್ಲ. ಹೆಸರ ಬರದ ಇಡದಿದ್ರೂ ಇಷ್ಟ ಗೊತ್ತಾಗಿಬಿಡ್ತೈತಿ. ಕೇಳಿದವರು ಸಾವಿರ ಮಂದಿ ಇದ್ರ ಚಿಂತಿಲ್ಲ, ನಾಕೈದ ಮನಿ ಇದ್ರ ಚಿಂತಿ. ಹಂಗ ಅಂದ ನೀವ ಮತ್ತ ನಕ್ಕೋತ, "ನಮ್ಮ ಸೀಮ್ಯಾಗ ಗಡಿಯಾರ ಹಿಡಕೊಂಡು ಕುಂದರಾಕ ಯಾರಿಗಿ ಪುರಸೊತ್ತೈತಿ ಶಶಿ" ಅಂದ್ರಿ. ಇಡೀ ಕ್ಲಾಸ ನಕ್ಕಿತು. ಕನ್ಯಾ ನೋಡಾಕ ಬಂದವರಿಗೆ ಪುರಸೊತ್ತ ಇರ್ತೈತ್ರಿ ಸರ್ರ. ಅವರಿಗೆ ಬ್ಯಾರೆ ಕೆಲಸರ ಏನಿರ್ತೈತಿ?

ಸಾವಿತ್ರಿಯ ಅವ್ವ ಅವತ್ತಿಂದು ನನಗ ಅತ್ಕೋತ ಹೇಳಿದ್ಲು. ಹೊರ್ತಿಯಿಂದ ಗಂಡಿನವರು ಬಂದಿದ್ರು. ಗಂಡಿನ ಸೋದರಮಾವಂದು ಇಂಡ್ಯಾಗ ಮೊಬೈಲ್ ರಿಪೇರಿ ಅಂಗಡಿ ಐತಿ, ಡಬ್ಬಿ ಮರ್ಮ ಎಲ್ಲಾ ಬಲ್ಲಾಂವ. ಮೊದಲಿನ ಮಂದಿ ಹೆಣ್ಣಿನ ಮನಿ ವಿಚಾರಸಬೇಕಂದ್ರ ಗಿರಣಿಗಿ ಹೋಗ್ತಿದ್ರು, ನೀರ ತುಂಬೂ ಹತ್ತಿರ ನಿಂದರ್ತಿದ್ರು, ಬಳಿಗಾರನ್ನ ಕೇಳ್ತಿದ್ರು. ಅಲ್ಲೆ ಕೆಟ್ಟದ್ದ ಹೇಳೂವರ ಜೋಡಿ ಒಬ್ಬರರ ಚಲೋ ಹೇಳೂವರು ಸಿಗ್ತಿದ್ರು. ಈ ಪುಣ್ಯಾತ್ಮ ಜಮಖಾನಿ ಮ್ಯಾಲ ಕುಂತು, ಸುಸಲಾ ತಿನ್ಕೋತ, ಆ ಮನಿ ಮ್ಯಾಲಿನ ಡಬ್ಬಿಗಿ ಒಂದೊಂದ ಬ್ಯಾನಿ ಹೆಸರ ಹೇಳಿ ಕೇಳಿದ. ತೊನ್ನು ಅಂದ, ಫೋನಿನ್ಯಾಗ ಚಕ್ರ ತಿರುಗಿತು. ಕ್ಷಯ ಅಂದ, ಚಕ್ರ ತಿರುಗಿತು. ಮೂರ್ಛಿ ಅಂದ. ಬಟ್ಟ ಎತ್ತೂದ್ರಾಗ ಬಂದ ಬಿಡ್ತು, ಒಬ್ಬ ಡಾಕ್ಟರು ಕುಂತ ಮಾತಾಡೂ ವಿಡಿಯೋ.

ಅಂವ ಫೋನು ಗಂಡಿನ ಅಪ್ಪನ ಕೈಗಿ ಕೊಟ್ಟ, ಆತನೂ ನೋಡಿದ, ಇಬ್ಬರೂ ನೀರ ಕುಡದ್ರು. "ಊರಿಗಿ ಹೋಗಿ ಹೇಳಿ ಕಳಸ್ತೇವ್ರಿ" ಅಂತ ಎದ್ರು. ಸಾವಿತ್ರಿ ಒಳಗ ಚಹಾದ ಕಪ್ ಜೋಡಸಾಕತ್ತಿದ್ಲು, ಹೊರಗ ಬರೂದ್ರಾಗ ಗಾಡಿ ಹೋಗಿತ್ತು. ಆಮ್ಯಾಲ ಬಂದ ಸುದ್ದಿ ಏನು? ಹುಡುಗಿಗೆ ಮೂರ್ಛಿ ಬ್ಯಾನಿ ಐತಿ, ಮುಚ್ಚಿಟ್ಟ ಕೊಡಾಕತ್ತಿದ್ರು. ಆ ವಸ್ತಿ ಮ್ಯಾಲ ಇರೂವು ಸಿದ್ದಣ್ಣನ ಅಣ್ಣತಮ್ಮಂದಿರ ಮನಿ ಅಷ್ಟ, ವಯಸ್ಸಿನ ಹುಡುಗಿ ಅಂದ್ರ ಇಕಿ ಒಬ್ಬಾಕಿ. ಇನ್ಯಾರ ಮ್ಯಾಲ ಹಾಕ್ತಾರ?

ಸಿದ್ದಣ್ಣ ನನ್ನ ಕರಸಿದ. ಆತ ಬೈದಿದ್ರ ಚಲೋ ಇತ್ತು ಸರ್ರ, ಬೈಲಿಲ್ಲ. "ಶಶಿಕಲಾ, ಎತ್ತರ ಮಾಳಿಗಿ ಐತಿ, ನಾಕ ಮನಿಗಿ ಉಪಯೋಗ ಆಗ್ಲಿ ಅಂತ ಜಾಗಾ ಕೊಟ್ನಿ. ನನ್ನ ತಲಿ ಮ್ಯಾಲ ಕುಂತ ನನ್ನ ಮನಿ ಮಾನ ಕಳೀತಲ ಯವ್ವಾ" ಅಂದ. ಆಮ್ಯಾಲ, "ನಮ್ಮ ಮನ್ಯಾಗ ಯಾರೂ ಅದನ್ನ ಕೇಳಿಲ್ಲ. ಕೇಳಿಲ್ಲ ಅಂತ ಆ ಡಬ್ಬಿ ಕಡಿಂದ ಹೇಳಸು" ಅಂದ. ಏನಂತ ಹೇಳಸ್ಲಿ? ಯಾರ ಕೇಳಿದ್ರು ಅನ್ನೂದು ಡಬ್ಬಿಗಿ ಗೊತ್ತ ಇರಬಾರದು ಅಂತ ನೀವ ಅಲ್ಲೇನ್ರಿ ಹಟಾ ಹಿಡದವರು. ಹೋಗ್ಲಿ, ಮತ್ತೊಮ್ಮೆ ಕೇಳಿ ನೋಡೂಣಂದ್ರ, ಆ ಸೋದರಮಾವ ಎಲ್ಲಾ ಹೆಸರೂ ಕೇಳಿ ಹೋಗ್ಯಾನ, ಈಗ ಎಲ್ಲಾದರ ಪ್ರತಿನೂ ಡಬ್ಬ್ಯಾಗ ಅದಾವು. ತೊನ್ನು ಅಂದ್ರೂ ಲಗೂ ಬರ್ತೈತಿ, ಕ್ಷಯ ಅಂದ್ರೂ ಲಗೂ ಬರ್ತೈತಿ. ಅಂವ ಕೇಳಿದ್ದ ಸಾಕ್ಷಿನೂ ಅಳಿಸಿ ಹಾಕೇತಿ.

ನಾ ಸೀದಾ ಸಿಂದಗಿಗಿ ನಿಮ್ಮ ಮನಿಗಿ ಹೋದ್ನಿ. ಎಲ್ಲಿ ಹೋಗ್ಲಿ ಮತ್ತ? ನಿಮ್ಮ ಮನಿಯವರು, ನಮ್ಮ ಚಾಚಿ, ಅಕ್ಕಿ ಹಸನ ಮಾಡಾಕತ್ತಿದ್ರು. ನಡದಿದ್ದೆಲ್ಲಾ ಹೇಳಿ, ಆ ಮನ್ಯಾಗ ಯಾರಿಗೂ ಆ ಬ್ಯಾನಿ ಇಲ್ಲ ಚಾಚಿ, ಹಂಗಾದ್ರ ಕೇಳಿದವರ ಯಾರು, ದೆವ್ವ ಕೇಳೇತೇನು ಅಂದ್ನಿ. ಚಾಚಿ ಕೈ ನಿಂತ ಬಿಡ್ತು. ಎದ್ದ ಹೋಗಿ ಹೊರಗಿನ ಬಾಗಿಲಾ ಹಾಕಿ ಬಂದ್ರು. "ನಿಮ್ಮ ಸರ್‌ಗ ಇತ್ತು ಬೇಟಿ" ಅಂದ್ರು. ತಲ್ಯಾಗ ಗಂಟಾಗಿತ್ತಂತ. ವಿಜಾಪುರದ ಡಾಕ್ಟರು ಹೇಳಿದ್ರಂತ. ಬಚ್ಚಲದಾಗ ಒಮ್ಮೆ, ನಮಾಜಿಗಿ ಕುಂತಲ್ಲೆ ಒಮ್ಮೆ, ಕೈಕಾಲ ಸೆಟದು ಬಿದ್ದಿದ್ರಂತ. ನಮಗೆಲ್ಲಾ ಎದಿ ನೋವು ಅಂತ ಹೇಳಿಸಿದ್ರಿ. ನಾ ನಿಮ್ಮ ಮಯ್ಯತ್ತಿಗಿ, ಮಣ್ಣಿಗಿ ಬಂದವರಿಗೆಲ್ಲಾ, ಸರ್ ಹಾರ್ಟ್ ಭಾಳ ವೀಕ್ ಇತ್ರಿ ಅಂತ ಹೇಳ್ಕೋತ ನಿಂತಿದ್ನಿ.

ಆವಾಗ ಒಂದೊಂದ ನೆನಪಾತು. ಬ್ಯಾಸಗಿ ಸುರು ಆಗಿಂದ ನೀವು ಸ್ಕೂಟರ ಹ್ಯಾಂಡಲ್ ನನ್ನ ಕೈಗಿ ಕೊಟ್ರಿ. "ನಿನಗ ರೂಢಿ ಆಗ್ಲಿ" ಅಂದ್ರಿ. ಮಾಳಿಗಿ ಹತ್ತೂದ ಬಿಟ್ರಿ. ದೇವಣಗಾಂವದಾಗ ನಾ ಮ್ಯಾಲ ತಂತಿ ಜೋಡಸಾಕತ್ತಿದ್ನಿ, ನೀವು ಕೆಳಗ ಬೇವಿನ ಗಿಡದ ನೆಳ್ಳಾಗ, ಸಿದ್ದಣ್ಣನ ಕಟ್ಟಿ ಮ್ಯಾಲ, ಫೋನು ಮಾರಿಗಿ ಹತ್ತಿರ ಹಿಡಕೊಂಡು ಕುಂತಿದ್ರಿ. "ಹಸರ ದೀಪ ಬಂತ್ರಿ ಸರ್ರ" ಅಂತ ಒದರಿದ್ನಿ. ತಲಿ ಎತ್ತಲಿಲ್ಲ. ಡಬ್ಬಿ ಪರೀಕ್ಷಾ ಮಾಡಾಕತ್ತಾರ ಅನ್ಕೊಂಡ್ನಿ. ನೀವು ಆ ಡಾಕ್ಟರ ಮಾತ ಕೇಳಾಕತ್ತಿದ್ರಿ.

ಒಂದ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಸಿಂದಗ್ಯಾಗ ನಿಮ್ಮ ಓಣ್ಯಾಗ ಒಂದು ಡಬ್ಬಿ ಐತಲ, ಅಲ್ಲೆ ಯಾಕ ಕೇಳಲಿಲ್ಲ? ನಿಮ್ಮ ಮನಿ ಹತ್ತಿರ ಅದರ ಪ್ರತಿ ಉಳೀಬಾರದು ಅಂತೇನ್ರಿ? ಆ ತೂತು ನಿಮಗ ಗೊತ್ತಿತ್ತು, ನಮ್ಮ ಸೀಮ್ಯಾಗ ಯಾರಿಗೂ ಪುರಸೊತ್ತಿಲ್ಲ ಅಂದವರಿಗೆ ನಿಮ್ಮ ಓಣಿ ಮಂದಿ ಅಂಜಿಕಿ ಇತ್ತು. ಅದಕ್ಕ ದೂರದ ಹೊಸಾ ಡಬ್ಬಿ ಹುಡುಕಿದ್ರಿ... ಇಲ್ಲ, ನೀವು ಅಂಥವರಲ್ಲ. ಅವತ್ತ ಕೈಯಾಗ ಫೋನಿತ್ತು, ಬಾಜೂಕ ಯಾರೂ ಇರಲಿಲ್ಲ, ಮನಿಶಾಗ ತನ್ನ ಜೀವದ ಚಿಂತಿ ಇದ್ದ ಇರ್ತೈತಿ. ಹಿಂಗ ಒಂದ ದಿವಸ ನಿಮ್ಮ ಪರವಾಗಿ ಮಾತಾಡ್ತೇನಿ, ಒಂದ ದಿವಸ ನಿಮ್ಮ ಮ್ಯಾಲ ಹೇಳಲಾರದಷ್ಟ ಸಿಟ್ಟ ಬರ್ತೈತಿ. ಸತ್ತವರ ಕೂಡ ಜಗಳಾ ಮಾಡೂದು ಎಂಥಾ ಕೆಟ್ಟ ಕೆಲಸ ಅಂತ ನನಗ ಈಗ ಗೊತ್ತಾಗೇತಿ.

ಹೋಗಿ ಹೇಳಿಬಿಡ್ತೇನಿ ಚಾಚಿ, ಕೇಳಿದವರು ಸರ್ ಅಂತ ಹೇಳಿದ್ರ ಆ ಹುಡುಗಿ ಪಾರಾಗ್ತಾಳ ಅಂದ್ನಿ. ಚಾಚಿ ನನ್ನ ಕೈ ಹಿಡಕೊಂಡ್ರು. ನೀವು ಯಾಕ ಮುಚ್ಚಿಟ್ಟಿದ್ರಿ ಅನ್ನೂದು ಆವಾಗ ತಿಳೀತು. ನಿಮ್ಮ ಮಗಳು ನಸೀಮಾಂದು ಬಾಗೇವಾಡಿಯವರ ಕೂಡ ಲಗ್ನದ ಮಾತ ನಡದಿತ್ತು. ಅಪ್ಪಗ ಇದ್ರ ಮಗಳಿಗೂ ಬರ್ತೈತಿ ಅಂತಾರ, ಮಂದಿ ಬಾಯಿಗಿ ಕದಾ ಇರ್ತೈತೇನು ಅಂದ್ರು. "ಅದು ಅವರ ಕಡೀ ಮಾತ ಬೇಟಿ. ನಸೀಮಾಂದು ಒಂದು ದಡಾ ಸೇರೂತನ ಯಾರಿಗೂ ಗೊತ್ತಾಗಬಾರದು ಅಂದಿದ್ರು." ನಾ ಏನ ಮಾಡ್ಬೇಕ್ರಿ? ಒಂದ ಕಡೆ ಸಿದ್ದಣ್ಣನ ಮಗಳು, ಒಂದ ಕಡೆ ನಿಮ್ಮ ಮಗಳು. ಒಬ್ಬಾಕಿನ್ನ ಎತ್ತಬೇಕಂದ್ರ ಇನ್ನೊಬ್ಬಾಕಿನ್ನ ಕೆಳಗ ಇಳಸಬೇಕು. ಚಹಾ ಕುಡೀದನ ಎದ್ದ ಬಂದ್ನಿ.

ಸಾವಿತ್ರಿ ಆಲಮೇಲಕ್ಕ ಹೊಲಿಗಿ ಕಲಿಯಾಕ ಹೋಗ್ತಿದ್ಲು. ಒಂದ ದಿವಸ ಬಸ್ಸಿನ್ಯಾಗ ಬಿಸಲಿಗಿ ಆಕಿ ತಲಿ ಸುತ್ತಿ ಕಂಬಾ ಹಿಡಕೊಂಡ್ಲಂತ. ಬಾಜೂಕಿನ ಹೆಣಮಗಳೊಬ್ಬಾಕಿ ಲಗುಬಗಿಲೆ ತನ್ನ ಕೀಲಿಕೈ ಗೊಂಚಲ ತಗದು ಆಕಿ ಮುಷ್ಟ್ಯಾಗ ಹಿಡಿಸಿದ್ಲಂತ. ನಮ್ಮ ಕಡೆ ಮೂರ್ಛಿ ಬಂದವರ ಕೈಯಾಗ ಕಬ್ಬಿಣ ಹಿಡಸ್ತಾರಲ, ಹಂಗ. ಇಡೀ ಬಸ್ಸು ತಿರುಗಿ ನೋಡ್ತು. ಆ ಕೀಲಿಕೈ ವಾಪಸ್ ಕೊಟ್ಟು ಇಳದು ಬಂದಾಕಿ ಮತ್ತ ಹೊಲಿಗಿ ಕ್ಲಾಸಿಗೆ ಹೋಗಲಿಲ್ಲ. ಇದನ್ನ ನಾ ಮತ್ತೊಮ್ಮೆ ನಿಮ್ಮ ಮನಿಗಿ ಹೋಗಿ ಚಾಚಿ ಮುಂದ ಹೇಳೂವಾಗ ನಸೀಮಾ ಒಳಗಿದ್ಲು, ನಿಮ್ಮ ಬ್ಯಾನಿ ಮಾತು ಸೈತ ಎಲ್ಲಾ ಕೇಳಿಸ್ಕೊಂಡ್ಲು. ತಾ ಕಲಿಸೂ ಮುದ್ದೇಬಿಹಾಳದ ಸಾಲಿಯಿಂದ ಆಯಿತವಾರಕ್ಕೊಮ್ಮೆ ಬರ್ತಾಳಲ್ರಿ, ಅವತ್ತ ಆಯಿತವಾರ ಅನ್ನೂದ ನನಗ ಖಬರ ಇರಲಿಲ್ಲ. ಹೊರಗ ಬಂದು ಅವ್ವನ ಮಾರಿ ನೋಡಿದ್ಲು, ನನ್ನ ಮಾರಿ ನೋಡಿದ್ಲು. ತನಗ ಯಾಕ ಹೇಳಲಿಲ್ಲ ಅಂತ ಕೇಳಲಿಲ್ಲ. "ಅಕ್ಕಾ, ಸ್ಕೂಟರ್ ತಗಿ" ಅಂದ್ಲು.

ದಾರಿಯಾಗ ನಾ ಆಕಿಗೆ ತಿಳಿಸಿ ಹೇಳಿದ್ನಿ. ಬ್ಯಾಡ ನಸೀಮಾ, ನಿನ್ನ ಮಾತ ಕೆಟ್ಟ ಹೋಗ್ತೈತಿ, ಬ್ಯಾರೆ ಏನರ ಉಪಾಯ ಹುಡುಕೂಣ ಅಂದ್ನಿ. "ಏನ ಉಪಾಯ ಐತಿ, ಹೇಳು" ಅಂದ್ಲು. ಸಿದ್ದಣ್ಣನ ಅಂಗಳದಾಗ, ಅವರ ಅಣ್ಣತಮ್ಮಂದಿರೆಲ್ಲಾ ಕುಂತಿದ್ದಾಗ, ನಿಮ್ಮ ಮಗಳು ನಿಂತ ಹೇಳಿದ್ಲು: "ಕೇಳಿದ್ದು ನಮ್ಮ ಅಬ್ಬಾ ರಿ. ಈ ಕಟ್ಟಿ ಮ್ಯಾಲ ಕುಂತು ಕೇಳ್ಯಾರ. ಮೂರ್ಛಿ ಬ್ಯಾನಿ ಅವರಿಗಿತ್ತು." ಸಿದ್ದಣ್ಣ, "ತಂಗಿ, ನಿಂದು ಲಗ್ನ ಆಗೇತೇನು" ಅಂತ ಕೇಳಿದ. "ಇಲ್ರಿ ಕಾಕಾ" ಅಂದ್ಲು. ಆತ ಟಾವೆಲ್ಲಿನಿಂದ ಮಾರಿ ಒರಸ್ಕೊಂಡು ಒಳಗ ಹೋದ.

ಇಂಡಿ ಸೋದರಮಾವಗ ಅಲ್ಲಿಂದನ ಫೋನು ಹಚ್ಚಿದ್ಲು. "ಸತ್ತವರ ಮ್ಯಾಲ ಹಾಕೂದು ಸಸಾರ ಐತ್ರಿ ಬಾಯಾರ" ಅಂದ ಅಂವ. "ಸಿಂದಗಿಗಿ ಬರ್ರಿ, ದವಾಖಾನಿ ಕಾಗದ ನಿಮ್ಮ ಕಣ್ಣಿಲೆ ನೋಡ್ರಿ" ಅಂದ್ಲು ಈಕಿ. ಖರೇನ ಬಂದ. ನಿಮ್ಮ ಖೋಲ್ಯಾಗ, ನಿಮ್ಮ ಖುರ್ಚಿ ಮ್ಯಾಲ ಕುಂತು, ನಿಮ್ಮ ತಲಿ ಸ್ಕ್ಯಾನಿನ ಫೋಟೋ ಬೆಳಕಿಗಿ ಹಿಡದು ನೋಡಿ ಹೋದ. ಚಾಚಿ ಅಡಗಿ ಮನ್ಯಾಗಿಂದ ಹೊರಗ ಬರಲಿಲ್ಲ. ಹೊರ್ತಿಯವರು ಮತ್ತ ಬಂದ್ರು, ತಪ್ಪಾತು ಅಂದ್ರು, ಸಾವಿತ್ರಿ ಲಗ್ನ ಗಟ್ಟಿ ಆತು. ಆಕಿ ನನಗ ಅಂದಿದ್ದು ಇಷ್ಟ: "ಅಕ್ಕಾ, ನನಗ ಖರೇನ ಇದ್ದಿದ್ರ?" ಆ ಮನಿಗಿ ಹೋಗಾಕ ಆಕಿಗೆ ಮನಸಿಲ್ಲ, ಆದ್ರ ಅಪ್ಪನ ಮಾರಿ ನೋಡಿ ಹೂಂ ಅಂದಾಳ.

ಈಗ ನಾ ಮಾಡಿದ್ದೊಂದ ಹೇಳ್ತೇನಿ, ನಿಮಗ ಸೇರೂದಿಲ್ಲ. ಎಲ್ಲಾ ಡಬ್ಬಿಗೂ ತಡಿಯೂದ ಕಲಿಸೇನಿ. ಪ್ರತಿ ಒಳಗ ಇದ್ರೂ ಲಗೂ ಕೊಡೂದಿಲ್ಲ. ಮೊದಲನೇ ಸಲ ದೂರದಿಂದ ತರಾಕ ಎಷ್ಟೊತ್ತು ಹಿಡದಿತ್ತೋ ಅಷ್ಟೊತ್ತು ಸುಮ್ಮನ ಕುಂತು ಆಮ್ಯಾಲ ಕೊಡ್ತೈತಿ. ಯಾರ ಮೊದಲ ಕೇಳ್ಯಾರ, ಯಾರ ಕೇಳಿಲ್ಲ, ಇನ್ನ ಯಾವ ಸೋದರಮಾವಗೂ ತಿಳಿಯೂದಿಲ್ಲ. ಬ್ಯಾನಿ ವಿಷಯಕ್ಕ ಅಷ್ಟ ತಡಾ ಮಾಡಬಹುದಿತ್ತು, ಆದ್ರ ಯಾವುದು ಗುಟ್ಟು, ಯಾವುದಲ್ಲ ಅಂತ ಆರಸಾಕ ನಾ ಯಾರು? ಎಲ್ಲಾದಕ್ಕೂ ಹಾಕೇನಿ. ಮಂದಿ ಬೈತಾರ. ಮೋರಟಗಿ ಮುದುಕಿ ಮೊನ್ನೆ, "ಸರ್ ಹೋದ ಮ್ಯಾಲ ಡಬ್ಬಿಗೂ ವಯಸ್ಸಾತೇನ ಯವ್ವಾ" ಅಂದ್ಲು. ಹೌದಬೇ ಅಂದ್ನಿ. ನೀವು ಲಗೂ ಮಾಡಾಕ ಇಡೀ ಆಯುಷ್ಯ ಹಾಕಿದ್ರಿ, ನಾ ಒಂದ ವಾರದಾಗ ನಿಧಾನ ಮಾಡಿ ಇಟ್ಟೇನಿ.

ಬಾಗೇವಾಡಿಯವರು ಮೊದಲ ಸ್ವಲ್ಪ ತಡೀರಿ ಅಂದ್ರು, ಆಮ್ಯಾಲ ಫೋನು ಎತ್ತೂದ ಬಿಟ್ರು. ನಿನ್ನೆ ಹೇಳಿ ಕಳಿಸ್ಯಾರ, ಹುಡುಗಗ ಸದ್ಯಕ್ಕ ಲಗ್ನದ ವಿಚಾರ ಇಲ್ಲಂತ. ಚಾಚಿ ನಿನ್ನೆಯಿಂದ ನನ್ನ ಕೂಡ ಮಾತಾಡಿಲ್ಲ. ನಸೀಮಾ ಆ ಸುದ್ದಿ ಕೇಳಿ, ಹುಡುಗರ ಪರೀಕ್ಷಾ ಪೇಪರ ತಿದ್ದೂದ ಮುಗಿಸಿ, ನನ್ನ ಬಾಜೂಕ ಬಂದ ಕುಂತ್ಲು. "ಅಬ್ಬಾ ಅವತ್ತ ಕೇಳಿದ್ರಲ, ಅದನ್ನ ನನಗೂ ತೋರ್ಸು" ಅಂದ್ಲು. ಇಷ್ಟ ದಿವಸ ಮಂದಿ ಮುಂದ ಗಟ್ಟಿ ನಿಂತಾಕಿಗೆ ಒಳಗ ಅದ ಅಂಜಿಕಿ ಇತ್ತು ಸರ್ರ, ತನಗೂ ಬರ್ತೈತೇನೋ ಅಂತ.

ಇಬ್ಬರೂ ಕುಂತು ಕೇಳಿದ್ವಿ. ಡಾಕ್ಟರು ಔಷಧದ್ದು ಹೇಳ್ತಾರ, ಗಾಡಿ ಹೊಡೀಬಾರದು, ಎತ್ತರ ಹತ್ತಬಾರದು ಅಂತ ಹೇಳ್ತಾರ. ನೀವು ಅಷ್ಟೂ ಪಾಲಿಸಿದ್ರಿ. ಭಾಳ ಉದ್ದ ಐತಿ ಅದು. ಕಡೀಕ, ಇನ್ನೇನ ಮುಗೀತು ಅನ್ನೂವಾಗ, ಅವರು ಒಂದ ಮಾತ ಹೇಳ್ತಾರ: ತಲ್ಯಾಗಿನ ಗಂಟಿನಿಂದ ಬಂದ ಮೂರ್ಛಿ ಅಪ್ಪನಿಂದ ಮಕ್ಕಳಿಗೆ ಇಳದ ಬರೂದಲ್ಲ, ಅದಕ್ಕ ಅಂಜಬ್ಯಾಡ್ರಿ, ಮುಚ್ಚಿಡಬ್ಯಾಡ್ರಿ. ನಸೀಮಾ ಅದನ್ನ ತಿರುಗಿ ಹಚ್ಚಿ ಕೇಳಿದ್ಲು, ಆಮ್ಯಾಲ ಮಾರಿ ಮುಚ್ಕೊಂಡು ಅತ್ಲು. ನಿಮ್ಮ ಮಗಳಿಗೆ ಏನೂ ಇಲ್ರಿ ಸರ್ರ, ಏನೂ ಬರೂದಿಲ್ಲ. ನೀವು ಅವತ್ತ ಆ ಕಟ್ಟಿ ಮ್ಯಾಲ ಅದನ್ನ ಕಡೀತನ ಕೇಳಲಿಲ್ಲೇನ್ರಿ?

ನಿಮ್ಮ ಶಶಿ